ಎತ್ತಿನ ಮೂಗಿಗೆ ಹಿಡಿದ ಗಂಟು

ಅಜ್ಜನ ಎಡತೊಡೆಯ ಮೇಲೆ ಅಂಗೈ ಅಗಲದ ಒಂದು ದಡ್ಡು ಇತ್ತು. ಕಪ್ಪಗೆ, ಹಳೆಯ ಚಪ್ಪಲಿಯ ಅಟ್ಟೆಯಷ್ಟು ಗಟ್ಟಿ. ನಲವತ್ತು ವರ್ಷ ಎತ್ತುಗಳ ಗೊರಸನ್ನು ಅದೇ ಜಾಗದಲ್ಲಿ ಇಟ್ಟುಕೊಂಡು ಲಾಳ ಬಡಿದು ಬಡಿದು ಎದ್ದದ್ದು. ಲುಂಗಿ ಹೊಸದೇ ಇರಲಿ, ಹಳೆಯದೇ ಇರಲಿ, ಮೊದಲು ಹರಿಯುತ್ತಿದ್ದದ್ದು ಅಲ್ಲಿಯೇ. ಅಜ್ಜಿ ಅಲ್ಲಿಗೆ ಗೋಣಿಚೀಲದ ತೇಪೆ ಹಾಕುತ್ತಿದ್ದಳು. ಮೊದಲ ಸಲ ನೋಡಿದಾಗ ನಾನು ವೈದ್ಯನ ಗತ್ತಿನಲ್ಲಿ ಅದನ್ನು ಬೆರಳಿನಿಂದ ಒತ್ತಿ, "ನೋವೈತೇನು?" ಎಂದು ಕೇಳಿದ್ದೆ.

"ಇದು ತೊಡಿ ಅಲ್ರಿ ಡಾಕ್ಟ್ರ, ಕಬ್ಬಿಣ ಬಡಿಯೋ ನನ್ನ ಅಡಗಲ್ಲು," ಎಂದು ನಕ್ಕಿದ್ದ.

ನಾನು ದನದ ಡಾಕ್ಟರು. ಈಗ ನಿವೃತ್ತ. ಹುಟ್ಟಿದ್ದು ಕೂಡ್ಲಿಗಿ ಕಡೆ. ತೊಂಬತ್ತರ ದಶಕದಲ್ಲಿ ಹಡಗಲಿ ತಾಲೂಕಿನ ಒಂದು ದೊಡ್ಡ ಊರಿಗೆ ನನ್ನನ್ನು ಹಾಕಿದಾಗ ಇನ್ನೂ ಮೂವತ್ತು ತುಂಬಿರಲಿಲ್ಲ, ಸೊಕ್ಕು ಮಾತ್ರ ಮೂರು ಜನಕ್ಕಾಗುವಷ್ಟು ಇತ್ತು. ಆಸ್ಪತ್ರೆ ಎಂದರೆ ಎರಡು ಕೋಣೆ, ಮುಂದೊಂದು ಬೇವಿನ ಮರ. ಕೋಣೆಗಳು ಸರ್ಕಾರದವು, ಮರದ ಬುಡ ಅಜ್ಜನದು. ನಾನು ಹುಟ್ಟುವ ಮೊದಲಿನಿಂದ ಅವನು ಅಲ್ಲಿ ಕೂತು ಎತ್ತುಗಳಿಗೆ ಲಾಳ ಕಟ್ಟುತ್ತಿದ್ದ. ಲಾಳಕ್ಕೆ ನಾಲ ಎನ್ನುವ ಊರವರಿಗೆಲ್ಲ ಅವನು ನಾಲದಜ್ಜ. ಬಂದ ವಾರವೇ ನಾನು ಹೊರಗೆ ಹೋಗಿ, "ಅಜ್ಜ, ಇದು ಸರ್ಕಾರಿ ಜಾಗ, ಇಲ್ಲಿ ಕೂಡಬಾರದು," ಎಂದೆ. "ಹೂಂನ್ರಿ," ಎಂದು ತಲೆಯಾಡಿಸಿದ. ಮಾರನೆಯ ದಿನವೂ ಅಲ್ಲೇ ಇದ್ದ. ಅದರ ಮಾರನೆಯ ದಿನ ನಾನೇ ಹೊರಗೆ ಕುರ್ಚಿ ಹಾಕಿಸಿಕೊಂಡು ಅವನ ಕೆಲಸ ನೋಡುತ್ತ ಕೂತೆ.

ಲಾಳ ಕಟ್ಟುವುದನ್ನು ನೋಡದವರಿಗೆ ಒಂದು ಮಾತು ಹೇಳಬೇಕು. ನಮ್ಮ ಕಡೆ ಎತ್ತಿಗೆ ಲಾಳ ಕಟ್ಟಬೇಕೆಂದರೆ ನಾಲ್ಕು ಗಂಡಾಳು ಬೇಕು. ಕಾಲಿಗೆ ಹಗ್ಗ ಹಾಕಿ ದೊಪ್ಪನೆ ಕೆಡವುತ್ತಾರೆ. ನಾಲ್ಕೂ ಕಾಲು ಸೇರಿಸಿ ಕಟ್ಟುತ್ತಾರೆ. ಒಬ್ಬ ಕತ್ತಿನ ಮೇಲೆ ಕೂಡುತ್ತಾನೆ. ಎತ್ತು ಕಣ್ಣು ಮೇಲೆ ಮಾಡಿ, ನೊರೆ ಸುರಿಸಿ, ಊರು ಕೇಳುವ ಹಾಗೆ ಒದರುತ್ತದೆ. ಕೆಡವುವಾಗ ಕೊಂಬು ಮುರಿದ ಎತ್ತುಗಳು, ಪಕ್ಕೆಲುಬು ಮುರಿದ ಎತ್ತುಗಳು ಎಷ್ಟೋ ನನ್ನ ಹತ್ತಿರ ಬಂದಿವೆ. ಅಜ್ಜ ಇದ್ಯಾವುದನ್ನೂ ಮಾಡುತ್ತಿರಲಿಲ್ಲ. ಎತ್ತನ್ನು ಬೇವಿನ ಮರಕ್ಕೆ ಓರೆಯಾಗಿ ನಿಲ್ಲಿಸುತ್ತಿದ್ದ. ಅದರ ಯಜಮಾನನ ಕೈಗೆ ಒಂದು ಬಟ್ಟೆಯ ಗಂಟು ಕೊಟ್ಟು, "ಮೂಗಿಗೆ ಹಿಡೀರಿ, ಒತ್ತಬ್ಯಾಡ್ರಿ, ಅದ ತಾನಾ ಮೂಸಲಿ," ಎನ್ನುತ್ತಿದ್ದ. ತಾನು ಒಂದು ಬೀಡಿ ಸೇದುವಷ್ಟು ಹೊತ್ತು ಸುಮ್ಮನೆ ಕೂಡುತ್ತಿದ್ದ. ಆಮೇಲೆ "ಬಿಸ್ಮಿಲ್ಲಾ" ಎಂದು ಕಾಲೆತ್ತಿ ತೊಡೆಯ ಮೇಲೆ ಇಟ್ಟುಕೊಂಡರೆ, ಎತ್ತು ನಿಂತಲ್ಲೇ ಮೆಲುಕು ಹಾಕಲು ಶುರು ಮಾಡುತ್ತಿತ್ತು. ಸುಳ್ಳಲ್ಲ. ಗೊರಸಿನ ಒಳಗೆ ಸೇರಿದ ಮುಳ್ಳು ಕೀಳುವಾಗ, ಕೀವು ತುಂಬಿದ ಜಾಗ ಕೆತ್ತುವಾಗ ಕೂಡ ಮೆಲುಕು ಹಾಕುತ್ತ ನಿಂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ದನ ನೋವಿನಲ್ಲಿ ಮೆಲುಕು ಹಾಕುವುದಿಲ್ಲ, ಇದು ನನ್ನ ಪುಸ್ತಕದಲ್ಲೂ ಬರೆದಿತ್ತು.

ಗಂಟಿನಲ್ಲಿ ಇದ್ದದ್ದು ಏನು ಮಹಾ? ಜಜ್ಜಿದ ಕೊತ್ತಂಬರಿ ಬೀಜ, ಕಾಮಕಸ್ತೂರಿಯ ಎಲೆ, ನೆರಳಲ್ಲಿ ಒಣಗಿಸಿದ ಮಲ್ಲಿಗೆ ಮೊಗ್ಗು. ಅಜ್ಜಿ ಬಸ್‌ ನಿಲ್ದಾಣದಲ್ಲಿ ಮೊಳದ ಲೆಕ್ಕದಲ್ಲಿ ಮಲ್ಲಿಗೆ ಮಾರುತ್ತಿದ್ದಳು. ಹಡಗಲಿಯ ಮಲ್ಲಿಗೆಯ ಬಗ್ಗೆ ನಾನು ಹೊಸದಾಗಿ ಹೇಳಬೇಕಾದ್ದಿಲ್ಲ. ಮಾರಿ ಉಳಿದದ್ದು ಗಂಟಿಗೆ. ಆ ಗಂಟು ಹುಟ್ಟಿದ್ದೂ ಗಂಡ ಹೆಂಡಿರ ಜಗಳದಲ್ಲಿಯೇ. ಮದುವೆಯಾದ ಹೊಸದರಲ್ಲಿ ಅಜ್ಜಿ ಹೂವಿನ ಬುಟ್ಟಿ ಹಿಡಿದು ಗಂಡನಿಗೆ ಬುತ್ತಿ ಕೊಡಲು ಬಂದಾಗ, ನಾಲ್ಕು ಜನಕ್ಕೂ ಬಗ್ಗದ ಒಂದು ಹೋರಿ ಹೋಗಿ ಬುಟ್ಟಿಯಲ್ಲಿ ಮೂತಿ ತೂರಿಸಿತಂತೆ.

"ಆಕಿ ನನ್ನ ಮಾಲೆಲ್ಲ ಮೂಸಾಕತ್ತೈತಿ, ಹಿಡಕೊಳ್ರೀ ಅಂತ ಬಾಯಿ ಬಡಕೊಂಡ್ಲು," ಎಂದು ಅಜ್ಜ ಈ ಕಥೆ ಹೇಳುವಾಗಲೆಲ್ಲ ಅಜ್ಜಿಯ ದನಿ ಮಾಡುತ್ತಿದ್ದ. "ನಾ ಅಂದೆ, ಏ ಸುಮ್ನಿರು, ನಾಕು ಮೊಳಿ ಬಡಿಯೂತನ ಮೂಸಲಿ ಬಿಡು! ನಾಕು ಹೋಗಿ ಎಂಟಾತು, ಎಂಟು ಹೋಗಿ ಹದಿನಾರಾತು. ಹೋರಿ ಅಲ್ಲಾಡ್ಲಿಲ್ರಿ."

"ಹೂವು ಹೋತಲ್ಲ, ಅದನ್ನ ಹೇಳ್ರಿ," ಎಂದು ಅಜ್ಜಿ ನಲವತ್ತು ವರ್ಷದ ಮೇಲೂ ಮುಖ ಊದಿಸಿಕೊಳ್ಳುತ್ತಿದ್ದಳು.

ನಾನು ನಂಬಲಿಲ್ಲ. ಕಾಲೇಜಿನಲ್ಲಿ ಕಲಿಸಿದ್ದನ್ನು ಬಿಟ್ಟು ಬೇರೆ ಏನನ್ನೂ ನಂಬಬಾರದೆಂಬ ವಯಸ್ಸು ಅದು. "ಅಜ್ಜ, ನಿನ್ನ ಕೈ ಹಗುರ ಐತಿ, ಅದಕ್ಕ ಎತ್ತು ನಿಲ್ಲತಾವು. ಗಂಟಿಂದ ಏನಿಲ್ಲ," ಎಂದೆ. ಅವನು ವಾದ ಮಾಡಲಿಲ್ಲ. ಒಂದು ದಿನ ನಾನೇ ಖಾಲಿ ಬಟ್ಟೆಯನ್ನು ಅಂಥದ್ದೇ ಗಂಟು ಕಟ್ಟಿ, ಅಜ್ಜನ ಗಂಟಿನ ಬದಲು ಗುಟ್ಟಾಗಿ ಯಜಮಾನನ ಕೈಗೆ ಕೊಟ್ಟೆ. ಅಜ್ಜ ಎರಡನೆಯ ಮೊಳೆಗೆ ಕೈ ಹಾಕುವ ಮೊದಲೇ ಎತ್ತು ಕಾಲು ಜಗ್ಗಿ, ಕುಣಿದು, ಯಜಮಾನನನ್ನು ಅಂಗಳದ ತುಂಬ ಎಳೆದಾಡಿತು. ಅಜ್ಜ ಎದ್ದು ಬಂದು ಆ ಗಂಟನ್ನು ಕೈಯಲ್ಲಿ ತೂಗಿ ನೋಡಿದ. ಹಗುರವಾಗಿತ್ತಲ್ಲ, ತಿಳಿಯಿತು. ನನ್ನ ಕಡೆ ತಿರುಗಿ ಸಿಟ್ಟಿಲ್ಲದೆ ಹೇಳಿದ: "ನನ್ನ ಪರೀಕ್ಷಾ ಮಾಡ್ರಿ, ಬ್ಯಾಡನ್ನಂಗಿಲ್ಲ. ಆದ್ರ ದನದ ಕಾಲ ಮ್ಯಾಲ ಮಾಡಬ್ಯಾಡ್ರಿ ಡಾಕ್ಟ್ರ. ನನ್ನ ಕೈಯಾಗ ಇಲ್ಲೀತನ ಯಾವ ದನಾನೂ ಒದರಿಲ್ಲ."

ಅವನ ಕೈಯಿಂದ ಆ ಖಾಲಿ ಗಂಟನ್ನು ಇಸಿದುಕೊಂಡು ಜೇಬಿಗೆ ತುರುಕಿದೆ. ಆ ಕೊನೆಯ ಮಾತು ಅವನ ಆಸ್ತಿ. ಹೊಲ ಇರಲಿಲ್ಲ, ಮಸೀದಿ ಓಣಿಯಲ್ಲಿ ಒಂದು ತಗಡಿನ ಮನೆ, ಮದುವೆಯಾಗಿ ಅದೇ ಓಣಿಯಲ್ಲಿದ್ದ ಒಬ್ಬ ಮಗಳು. ಇದ್ದದ್ದೆಲ್ಲ ಅಷ್ಟೇ. ಆದರೆ ನನ್ನ ಕೈಯಲ್ಲಿ ಯಾವ ದನವೂ ಒದರಿಲ್ಲ ಎಂದು ಹೇಳುವಾಗ ಅವನು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದ. ನೋವು ಮೂಗಿನಿಂದ ಹೊರಗೆ ಹೋಗುತ್ತದೆ ಎಂದು ಅವನು ನಂಬಿದ್ದ. ಅದಕ್ಕೆ ದಾರಿ ತೋರಿಸಬೇಕು, ಅಷ್ಟೇ ನಮ್ಮ ಕೆಲಸ ಎನ್ನುತ್ತಿದ್ದ.

ಇಷ್ಟೆಲ್ಲ ಹೇಳುವ ಅಜ್ಜನಿಗೆ ವಾಸನೆಯೇ ಬರುತ್ತಿರಲಿಲ್ಲ ಎಂಬುದು ನನಗೆ ತಿಳಿದದ್ದು ಒಂದು ವರ್ಷದ ಮೇಲೆ. ಚಿಕ್ಕಂದಿನಲ್ಲಿ ಬಂದ ಯಾವುದೋ ಜ್ವರ ಮೂಗನ್ನು ಕೊಂಡೊಯ್ದಿತ್ತು. ಮಲ್ಲಿಗೆ, ಸಗಣಿ, ಹೊಗೆ ಎಲ್ಲ ಒಂದೇ. ದಿನಾ ಬೆಳಿಗ್ಗೆ ಮನೆ ಬಿಡುವ ಮೊದಲು ಗಂಟನ್ನು ಅಜ್ಜಿಯ ಮೂಗಿನ ಹತ್ತಿರ ಹಿಡಿದು "ಐತೇನು?" ಎಂದು ಕೇಳುತ್ತಿದ್ದ. ಅಜ್ಜಿ ಒಲೆಯ ಮುಂದಿನಿಂದಲೇ ಮೂಸಿ "ಐತಿ" ಎನ್ನಬೇಕು, ಇಲ್ಲವೆ "ಸತ್ತೈತಿ, ಹೊಸಾದು ಕಟ್ಟತೀನಿ, ತಡೀರಿ" ಎನ್ನಬೇಕು. ಅದಾಗದೆ ಅವನು ಹೊಸ್ತಿಲು ದಾಟಿದವನಲ್ಲ.

"ಜೀವಮಾನ ಎಲ್ಲಾ ಮಲ್ಲಿಗಿ ಮಾರೋಳ ಕೂಡ ಬಾಳೇ ಮಾಡೀನಿ. ಅದು ಹೆಂಗಿರತೈತಿ ಅಂತ ನನಗ ಗೊತ್ತಿಲ್ಲ ನೋಡ್ರಿ," ಎಂದು ಒಮ್ಮೆ ಹೇಳಿದ. ಹೇಳಿ ನಕ್ಕ. ನನಗೆ ನಗು ಬರಲಿಲ್ಲ.

ಗಂಟು ಎಲ್ಲವನ್ನೂ ಗೆಲ್ಲುತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಅಜ್ಜನೂ ಹೇಳಿದವನಲ್ಲ. ಒಂದು ಮಧ್ಯಾಹ್ನ ಹಿರೇಹಡಗಲಿ ರಸ್ತೆಯಲ್ಲಿ ಲಾರಿಯೊಂದು ಎತ್ತಿಗೆ ಗುದ್ದಿತು. ನಾನು ಹೋಗುವಷ್ಟರಲ್ಲಿ ಅದರ ಹಿಂದಿನ ಅರ್ಧ ಮೈ ಸತ್ತಿತ್ತು, ಮುಂದಿನ ಅರ್ಧ ಒದರುತ್ತಿತ್ತು. ನನ್ನ ಹತ್ತಿರ ಅದಕ್ಕಾಗುವ ಔಷಧಿಯೇ ಇರಲಿಲ್ಲ, ಪೇಟೆಯಿಂದ ತರಲು ಆಳು ಕಳಿಸಿದ್ದೆ. ಸುದ್ದಿ ಕೇಳಿ ಅಜ್ಜ ನಡೆದುಕೊಂಡೇ ಬಂದ. ಬಿಸಿ ಡಾಂಬರಿನ ಮೇಲೆ ಕೂತು ಎತ್ತಿನ ತಲೆಯನ್ನು ಆ ದಡ್ಡಿನ ತೊಡೆಯ ಮೇಲೆ ಇಟ್ಟುಕೊಂಡು ಗಂಟು ಹಿಡಿದ. ಸ್ವಲ್ಪ ಹೊತ್ತಿಗೆ ಒದರುವುದು ನರಳಾಟವಾಯಿತು, ನರಳಾಟ ಬರೀ ಉಸಿರಾಯಿತು. ಔಷಧಿ ಬರುವ ಮೊದಲೇ ಎತ್ತು ಹೋಯಿತು. "ಉಳಸಂಗಿಲ್ರಿ ಈ ಗಂಟು," ಎಂದು ಅಜ್ಜ ಗಂಟನ್ನು ಲುಂಗಿಗೆ ಒರೆಸಿಕೊಂಡ. "ನೋವಿನಾಗ ಜೋಡಿ ಇರತೈತಿ, ಅಷ್ಟ."

ಅವತ್ತಿನಿಂದ ನನ್ನ ಸೊಕ್ಕು ಮುರಿಯಿತು ಎಂದುಕೊಂಡಿದ್ದೆ. ಎಲ್ಲಿ ಮುರಿಯಿತು, ಬರೀ ಬಟ್ಟೆ ಬದಲಾಯಿಸಿತ್ತು. ಮೊದಲು ಅಜ್ಜನನ್ನು ನಂಬದ ಸೊಕ್ಕು, ಆಮೇಲೆ ಅಜ್ಜನನ್ನು ಕಂಡುಹಿಡಿದವನು ನಾನೇ ಎಂಬ ಸೊಕ್ಕು.

ಅಷ್ಟರಲ್ಲಿ ಅಜ್ಜಿ ಹೋದಳು. ಕಾಮಾಲೆ, ಹದಿನೈದು ದಿನ ಮಲಗಿದ್ದಳು ಅಷ್ಟೆ. ಮೂರನೆಯ ದಿನದ ಕಾರ್ಯ ಮುಗಿಸಿ ನಾಲ್ಕನೆಯ ದಿನ ಅಜ್ಜ ಆಸ್ಪತ್ರೆಗೆ ಬಂದ. ಮರದ ಕೆಳಗೆ ಕೂಡಲಿಲ್ಲ. ಒಳಗೆ ಬಂದು ನನ್ನ ಮೇಜಿನ ಎದುರು ನಿಂತು, ಗಂಟನ್ನು ನನ್ನ ಮುಖದ ಹತ್ತಿರ ಹಿಡಿದ.

"ಐತೇನ್ರಿ?"

ನಾನು ಮೂಸಿದೆ. ಕಾಮಕಸ್ತೂರಿ ಮುಂದೆ, ಅದರ ಹಿಂದೆ ಮೆಲ್ಲಗೆ ಮಲ್ಲಿಗೆ. "ಐತಿ, ಅಜ್ಜ," ಎಂದೆ. ಹೋಗಿ ಕೆಲಸಕ್ಕೆ ಕೂತ. ಮುಂದೆ ಎರಡು ವರ್ಷ, ನಾನು ಊರಲ್ಲಿದ್ದ ದಿನವೆಲ್ಲ ಹೀಗೆಯೇ ನಡೆಯಿತು. ನಾನು ರಜೆ ಹಾಕಿದ ದಿನ ಅಜ್ಜನೂ ರಜೆ. ಮಗಳು ಮೂಸಿ ಹೇಳುತ್ತೇನೆಂದರೆ, "ನೀನು ನೆಗಡಿಯಾಕಿ, ನಿನ್ನ ಮಾತು ನಂಬಾಕಾಗಂಗಿಲ್ಲ," ಎನ್ನುತ್ತಿದ್ದನಂತೆ. ಒಬ್ಬ ಮನುಷ್ಯ ನನ್ನ ಮೂಗಿನ ಮೇಲೆ ಇಷ್ಟು ಭಾರ ಹಾಕಿದ್ದಾನಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ.

ಎತ್ತುಗಳು ಕಡಿಮೆಯಾಗುತ್ತ ಬಂದಿದ್ದವು. ಮೊದಲು ಕೊಟ್ಟೂರಿನ ಜಾತ್ರೆಗೆ ಬಂಡಿ ಕಟ್ಟುವ ದಿನಗಳಲ್ಲಿ ಬೇವಿನ ಮರದ ಕೆಳಗೆ ಸಾಲು ನಿಲ್ಲುತ್ತಿತ್ತು. ಈಗ ಟ್ರ್ಯಾಕ್ಟರು ಬಂದು ವಾರಕ್ಕೆ ನಾಲ್ಕೋ ಐದೋ ಎತ್ತು. ಅಜ್ಜನ ಕೈಕೆಲಸವನ್ನು ಇಲಾಖೆಯವರಿಗೆ ತೋರಿಸಿದರೆ ಊರೂರಿನ ಶಿಬಿರಗಳಿಗೆ ಅವನನ್ನೇ ಕರೆಸಬಹುದು ಎಂಬ ಯೋಚನೆ ನನಗೆ ಬಂತು. ಅವನಿಗೆ ಹೇಳಿದಾಗ, "ನಾಕು ಮಂದಿ ಹುಡುಗ್ರಿಗೆ ಕಲಿಸಿ ಹೋದ್ರ ಸಾಕ್ರಿ. ದನ ಕೆಡವೋದು ತಪ್ಪತೈತಿ," ಎಂದ. ಅವನ ಕಣ್ಣಲ್ಲಿ ಅಜ್ಜಿ ಹೋದ ಮೇಲೆ ಕಾಣದ ಬೆಳಕು ಕಂಡಿತು.

ಮೇಲಿನ ಸಾಹೇಬರು ಜೀಪಿನಲ್ಲಿ ಬರುವ ದಿನ ಗೊತ್ತಾಯಿತು. ಎತ್ತನ್ನು ಆರಿಸಿದವನು ನಾನು. ಹಂಪಸಾಗರದ ಕಡೆಯ ಒಬ್ಬ ರೈತನ ಬಿಳಿ ಎತ್ತು, ಮಗುವಿನಂಥ ಸಾಧು. ಅದಕ್ಕೊಂದು ಚರಿತ್ರೆ ಇತ್ತು. ಹೊಳೆಯ ದಂಡೆಯ ನಿಂತ ನೀರಿನಲ್ಲಿ ಶಂಖದಹುಳದ ಜೊತೆ ಒಂದು ಸೂಕ್ಷ್ಮ ಹುಳ ಇರುತ್ತದೆ. ಅದು ದನದ ಮೈಹೊಕ್ಕು ಮೂಗಿನೊಳಗೆ ಮನೆ ಮಾಡಿದರೆ ಅಲ್ಲಿ ಹೂಕೋಸಿನಂತೆ ಗಡ್ಡೆ ಬೆಳೆಯುತ್ತದೆ, ದನ ನಿಂತಲ್ಲೇ ಗೊರಕೆ ಹೊಡೆಯುತ್ತದೆ. ಗೊರಕೆ ರೋಗ ಎನ್ನುತ್ತೇವೆ. ಈ ಎತ್ತಿನ ಗೊರಕೆ ಆಚೆ ಓಣಿಗೆ ಕೇಳುತ್ತಿತ್ತು. ವಾರಕ್ಕೊಂದರಂತೆ ಸೂಜಿ ಚುಚ್ಚಿ ನಾನೇ ವಾಸಿ ಮಾಡಿದ್ದೆ. ಗಡ್ಡೆ ಬಾಡಿ ಗೊರಕೆ ನಿಂತು ಹೋಗಿತ್ತು. ಒಂದೇ ಎತ್ತಿನಲ್ಲಿ ಎರಡು ಸಂಗತಿ ತೋರಿಸಬಹುದಲ್ಲ, ನನ್ನ ಸೂಜಿ ಮತ್ತು ಅಜ್ಜನ ಗಂಟು! ಎಷ್ಟು ಬುದ್ಧಿವಂತ ನೋಡಿ ನಾನು.

"ಇದು ನನಗ ಗುರುತಿಲ್ಲದ ಎತ್ತ್ರಿ," ಎಂದ ಅಜ್ಜ. "ನಾ ನಾಲ ಕಟ್ಟಿದ್ದು ಯಾವುದಾರ ತರಿಸ್ರಿ."

"ಇದ ಇರಲಿ ಅಜ್ಜ. ಭಾಳ ಸಾಧು ಐತಿ," ಎಂದೆ.

ಅವನು ಗಂಟು ತಂದು ನನ್ನ ಮುಖಕ್ಕೆ ಹಿಡಿದ. ಸಾಹೇಬರ ಮುಂದೆಯೇ ನಾನು ಜೋರಾಗಿ ಮೂಸಿದೆ. ಹಿಂದಿನ ದಿನವಷ್ಟೇ ಮಗಳು ಹೊಸ ಮಾಲು ತುಂಬಿ ಕಟ್ಟಿದ ಗಂಟು, ಘಮ್ಮೆನ್ನುತ್ತಿತ್ತು. "ಐತಿ!" ಎಂದೆ. ಗಂಟನ್ನು ರೈತ ಹಿಡಿದುಕೊಂಡ. ಗಂಟು ಹಿಡಿದೊಡನೆ ಎತ್ತುಗಳು ಮೂಗಿನ ಹೊಳ್ಳೆ ಅರಳಿಸಿ, ನಾಲಿಗೆ ಚಾಚಿ, ಕತ್ತು ಮುಂದೆ ಮಾಡುತ್ತವೆ. ಇದು ಮಾಡಲಿಲ್ಲ. ಅಜ್ಜ ಕೂತಲ್ಲಿಂದ ನನ್ನ ಕಡೆ ನೋಡಿದ.

"ಮೂಸಾಕತ್ತಿಲ್ಲಲ್ರಿ ಇದು?"

ಸಾಹೇಬರು ಗಡಿಯಾರ ನೋಡಿಕೊಂಡರು. "ಹೊಸ ಮಂದಿ ನೋಡಿ ಬೆದರೈತಿ. ನೀ ಶುರು ಮಾಡು," ಎಂದೆ.

ನಾನು ಹೇಳಿದೆನೆಂದು ಅವನು ಶುರು ಮಾಡಿದ. ಬೇರೆ ಯಾರು ಹೇಳಿದ್ದರೂ ಮಾಡುತ್ತಿರಲಿಲ್ಲ. ಮುಂಗಾಲು ಎರಡೂ ಆದವು. ಸಾಧು ಪ್ರಾಣಿ, ತಡೆದುಕೊಂಡು ನಿಂತಿತ್ತು, ಆದರೆ ಮೆಲುಕು ಹಾಕುತ್ತಿರಲಿಲ್ಲ. ಅದನ್ನೂ ನಾನು ನೋಡಿದೆ, ನೋಡಿಯೂ ಸುಮ್ಮನಿದ್ದೆ. ಹಿಂಗಾಲಿನ ಗೊರಸು ಡಾಂಬರು ರಸ್ತೆಯಲ್ಲಿ ನಡೆದು ಸವೆದು ಒಳಗಿನ ಹಸಿ ಮಾಂಸ ತೋರುವಂತಿತ್ತು. ಅಜ್ಜ ಕೆತ್ತುವ ಚಾಕು ತಾಗಿಸಿದ. ಎತ್ತು ಒಮ್ಮೆ ಒದರಿತು. ಆ ಒದರುವಿಕೆ ಮುಗಿಯುವ ಮೊದಲು ಒದೆ ಬಿತ್ತು. ಅಜ್ಜ ಹಾರಿ ಹೋಗಿ ಬೇವಿನ ಬೇರಿನ ಮೇಲೆ ಬಿದ್ದ. ಸೊಂಟದ ಮೂಳೆ ಮುರಿದ ಸದ್ದು ನನ್ನವರೆಗೆ ಕೇಳಿತು.

ಓಡಿ ಹೋಗಿ ಬಗ್ಗಿದೆ. ಅವನ ಮುಖ ಸುಣ್ಣದಂತಾಗಿತ್ತು. "ಎತ್ತಿನ ಕಾಲಾಗ ಚಾಕು ಉಳದೈತೇನು ನೋಡ್ರಿ," ಎಂದ. "ಒದರಿತಲ್ರಿ ಡಾಕ್ಟ್ರ. ಒದರಿತಲ್ಲ."

"ಇದೇನ್ರೀ ನಿಮ್ಮ ಮಲ್ಲಿಗೆ ಚಿಕಿತ್ಸೆ?" ಎಂದು ಸಾಹೇಬರು ಕರವಸ್ತ್ರದಿಂದ ಮುಖ ಒರೆಸಿಕೊಂಡರು. ಅವರದೇ ಜೀಪಿನಲ್ಲಿ ಅಜ್ಜನನ್ನು ಹರಪನಹಳ್ಳಿಗೆ ಒಯ್ದೆವು, ಅಲ್ಲಿಂದ ದಾವಣಗೆರೆಗೆ. ಈ ವಯಸ್ಸಿಗೆ ಶಸ್ತ್ರಚಿಕಿತ್ಸೆ ತಡೆಯುವುದು ಕಷ್ಟ ಎಂದರು. ಮಗಳು ಮನೆಗೆ ಕರೆದುಕೊಂಡು ಬಂದಳು. ಮಂಚ ಹಿಡಿದವನು ಮತ್ತೆ ಏಳಲಿಲ್ಲ.

ಎರಡು ದಿನದ ಮೇಲೆ ವರದಿ ಬರೆಯಲೆಂದು ಆ ಎತ್ತಿನ ಹಳೆಯ ಚೀಟಿ ತೆಗೆದೆ. ಗೊರಕೆ ರೋಗ ಎಂದು ನನ್ನದೇ ಅಕ್ಷರ. ಆಗ ತಲೆಗೆ ಹೊಡೆದಂತಾಯಿತು. ಮೂಗನ್ನು ನಾನು ಉಸಿರಾಡುವ ದಾರಿ ಎಂದಷ್ಟೇ ನೋಡಿದ್ದೆ. ಗೊರಕೆ ನಿಂತಿತು, ಗೆದ್ದೆ ಎಂದುಕೊಂಡೆ. ವರ್ಷಗಟ್ಟಲೆ ಗಡ್ಡೆ ತಿಂದು ಹಾಕಿದ ಆ ಮೂಗಿಗೆ ವಾಸನೆ ಎಂಬುದು ಉಳಿದಿದೆಯೋ ಇಲ್ಲವೋ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ದಿನಾ ಬೆಳಿಗ್ಗೆ ಮೂಗಿಲ್ಲದ ಒಬ್ಬ ಮನುಷ್ಯನಿಗೆ ಮೂಗಾಗಿದ್ದವನು ನಾನು. ಮೂಗಿಲ್ಲದ ಎತ್ತಿನ ಕಾಲನ್ನು ತಂದು ಅವನ ತೊಡೆಯ ಮೇಲೆ ಇಟ್ಟವನೂ ನಾನೇ.

ಇದನ್ನು ವರದಿಯಲ್ಲಿ ಬರೆದೆನೇ? ಇಲ್ಲ. ಹೇಡಿ ನಾನು. ಎತ್ತು ಸ್ವಭಾವತಃ ಒದೆಯುವಂಥದ್ದು ಎಂದು ಒಂದು ಸಾಲು ಬರೆದು ಸಹಿ ಹಾಕಿದೆ. ಡಾಕ್ಟರೇ ಬರೆದ ಮೇಲೆ ಊರು ಬಿಡುತ್ತದೆಯೇ? ಒದೆಯುವ ಎತ್ತನ್ನು ಯಾರೂ ಕೊಳ್ಳಲಿಲ್ಲ, ಯಾರೂ ಜೋಡಿಗೆ ಹೂಡಲಿಲ್ಲ. ಕೆಲವು ತಿಂಗಳಿಗೆ ರೈತ ಅದನ್ನು ಕಟುಕರ ಲಾರಿಗೆ ಹತ್ತಿಸಿದ. ಮಗುವಿನಂಥ ಎತ್ತು ಅದು.

ಅಜ್ಜನನ್ನು ನೋಡಲು ವಾರಕ್ಕೊಮ್ಮೆ ಹೋಗುತ್ತಿದ್ದೆ. ಕೇಳಿದವರಿಗೆಲ್ಲ ಅವನು ಹೇಳುತ್ತಿದ್ದದ್ದು ಒಂದೇ: "ಗಂಟಿನ ಮಾಲು ಸತ್ತಿತ್ತು. ನನಗ ಗೊತ್ತಾಗಲಿಲ್ಲ. ಆಕಿ ಇದ್ದಿದ್ರ ಹೇಳತಿದ್ಲು." ಯಾರೋ ಒಬ್ಬರು ನನ್ನ ಎದುರೇ, "ಡಾಕ್ಟ್ರು ಮೂಸಿ ನೋಡಿದ್ರಂತಲ್ಲ?" ಎಂದಾಗ, "ಏ, ಅವರ ಮ್ಯಾಲ ಹಾಕಬ್ಯಾಡ್ರಿ. ಅವರಿಗೇನು ಗೊತ್ತು, ಸಣ್ಣ ವಯಸ್ಸಿನೋರು," ಎಂದು ನನ್ನನ್ನು ಕಾಯ್ದ. ಹಾಗೆ ಹೇಳುವಾಗ ಅವನ ಕಣ್ಣು ಮಾತ್ರ ನನ್ನ ಮೇಲಿತ್ತು. ನೀನು ಖರೇ ಮೂಸಿದ್ದೆಯೇನು ಎಂದು ಕೇಳುವಂತಿತ್ತು. ನಾನು ಎದ್ದು ಬಂದೆ. ಹೀಗೆ ಎದ್ದು ಬರುತ್ತ ಬರುತ್ತ ಎಂಟು ತಿಂಗಳು ಕಳೆದವು.

ನನಗೆ ಕೂಡ್ಲಿಗಿ ಕಡೆ ವರ್ಗವಾಯಿತು. ಹೊರಡುವ ಹಿಂದಿನ ದಿನ ಮಧ್ಯಾಹ್ನ ಹೋದೆ. ಅಜ್ಜ ಮೂಳೆಯ ಗೂಡಾಗಿದ್ದ, ಬೆನ್ನಿಗೆ ಹುಣ್ಣುಗಳಾಗಿದ್ದವು. ತೊಡೆಯ ಮಾಂಸವೆಲ್ಲ ಇಳಿದು ದಡ್ಡು ಒಂದು ಕಡೆ ಜೋತುಬಿದ್ದಿತ್ತು. ಗಂಟು ತಲೆದೆಸೆಯ ಗೋಡೆಯ ಮೊಳೆಗೆ ತೂಗುತ್ತಿತ್ತು. ಮಗಳು ಕಣ್ಣೊರೆಸಿಕೊಳ್ಳುತ್ತ, "ಹೊಸ ಹೂವು ಹಾಕಿ ಮೂಗಿಗೆ ಹಿಡದು ನೋಡಿದೆ ಸಾಹೇಬ್ರ. ಏನೂ ಆಗವಲ್ದು," ಎಂದಳು.

"ಹೆಂಗ ಆಗತೈತಿ, ಹುಚ್ಚಿ," ಎಂದ ಅಜ್ಜ. "ದಾರಿ ಇಲ್ಲದ ಮನಿ ಇದು."

ಮಗಳು ನೀರು ತರಲು ಹೊರಗೆ ಹೋದಳು. ನಾನು ಮಂಚದ ಪಕ್ಕ ಕೂತು ಎಲ್ಲ ಹೇಳಿದೆ. ಗಂಟು ಸತ್ತಿರಲಿಲ್ಲ, ನಾನು ಮೂಸಿದ್ದು ಖರೇ, ಎತ್ತಿನ ಮೂಗು ಸತ್ತಿತ್ತು, ಅದು ಗೊತ್ತಿರಬೇಕಾದವನು ನಾನೊಬ್ಬನೇ, ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡಿದ್ದೆ. ಹೇಳುವಾಗ ಅತ್ತೆ. ಬೈಯುತ್ತಾನೆ ಎಂದುಕೊಂಡಿದ್ದೆ. ಬೈದರೆ ಸಾಕು ಎಂದು ಹಾರೈಸಿದ್ದೆ. ಇಲ್ಲವೆ, ತನ್ನ ಗಂಟು ಸೋಲಲಿಲ್ಲವೆಂದು ಅವನ ಮುಖ ಅರಳಬಹುದು ಎಂಬ ಆಸೆಯೂ ಇತ್ತು.

ಅಜ್ಜ ಕೈ ಮೇಲೆತ್ತಿ ತಲೆದೆಸೆಯ ಗಂಟನ್ನು ಬೆರಳಿನಿಂದ ಮುಟ್ಟಿದ.

"ಹಂಗಾದ್ರ ಅದಕ್ಕೂ ನನ್ನಂಗ ಮೂಗು ಇರಲಿಲ್ಲ," ಎಂದ.

"ಇರಲಿಲ್ಲ, ಅಜ್ಜ."

"ಇನ್ನ ಬರಂಗೂ ಇಲ್ಲ?"

"ಬರಂಗಿಲ್ಲ."

"ಪಾಪ," ಎಂದ. ಅವನ ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯಿತು. "ಮುಂಗಾಲು ಎರಡೂ ಬಡದೆ. ಅಷ್ಟೂ ಮೊಳಿ ಗೊತ್ತಾಗಿರತಾವು ಅದಕ್ಕ. ಹೇಳಾಕ ಬರದ ನಿಂತಿತ್ತು. ಜೋಡಿಗೆ ಯಾರೂ ಇಲ್ಲದ ನೋವು ಹೆಂಗಿರತೈತಿ ಅಂತ ನನಗ ಈಗ ಗೊತ್ತಾಗೈತ್ರಿ ಡಾಕ್ಟ್ರ." ಕಣ್ಣೊರೆಸಿಕೊಂಡು ಕೇಳಿದ, "ಎಲ್ಲೈತ್ರಿ ಅದು? ಚಲೋ ಐತಿಲ್ಲೋ?"

"ಚಲೋ ಐತಿ," ಎಂದೆ.

"ಅವರಿಗೆ ಹೇಳಿ ಕಳಸ್ರಿ. ಅದಕ್ಕ ಗಂಟು ಗಿಂಟು ಹಿಡೀಬ್ಯಾಡ್ರಿ ಅನ್ರಿ. ಕೆಡವೇ ಕಟ್ಟಲಿ. ಆದ್ರ ಕೆಳಗ ದಪ್ಪಗ ಹುಲ್ಲು ಹಾಸಲಿ. ಹೇಳತೀರಲ್ಲ?"

"ಹೇಳತೀನಿ," ಎಂದೆ.

ನಾನು ಹೋಗಿ ತಿಂಗಳು ತುಂಬುವ ಮೊದಲೇ ಸುದ್ದಿ ಬಂತು. ಮೊದಲ ಬಸ್ಸಿಗೆ ಹೋದೆ. ಮೈಮೇಲೆ ಮಲ್ಲಿಗೆಯ ಚಾದರ ಹೊದಿಸಿದ್ದರು. ಅಜ್ಜಿಯ ಜೊತೆ ಹೂ ಮಾರುತ್ತಿದ್ದ ಹೆಂಗಸರು ಸೇರಿ ಕಟ್ಟಿದ್ದಂತೆ. ಇಡೀ ಓಣಿ ಘಮಘಮಿಸುತ್ತಿತ್ತು. ಆ ವಾಸನೆ ನನ್ನಿಂದ ತಡೆಯಲಾಗಲಿಲ್ಲ, ಹೊರಗೆ ಚರಂಡಿಯ ಹತ್ತಿರ ಹೋಗಿ ನಿಂತೆ. ಮಣ್ಣು ಕೊಟ್ಟು ಬಂದೆವು.

ಈಚೆಗೆ ಎಲ್ಲೋ ಓದಿದೆ. ಇಂಥ ಗಿಡ ಹೂಗಳ ವಾಸನೆ ಹಿಡಿದರೆ ಇಲಿಗಳಿಗೆ ನೋವು ತಗ್ಗುತ್ತದಂತೆ, ಮೂಗು ಸತ್ತ ಇಲಿಗಳಿಗೆ ಮಾತ್ರ ಏನೂ ಆಗುವುದಿಲ್ಲವಂತೆ. ದೊಡ್ಡ ದೊಡ್ಡವರು ಕೂತು ಕಂಡುಕೊಂಡದ್ದು. ಓದಿ ಪುಸ್ತಕ ಮುಚ್ಚಿದೆ. ಈ ಎರಡು ಪಾಠವನ್ನೂ ಅಜ್ಜ ಬೇವಿನ ಮರದ ಕೆಳಗೆ ನನಗೆ ಕಲಿಸಿದ್ದ, ಎರಡನೆಯದನ್ನು ತನ್ನ ಸೊಂಟದ ಮೂಳೆ ಕೊಟ್ಟು.

ಮಣ್ಣಾದ ದಿನ ಸಂಜೆ ನಾನು ಹೊರಡಲು ಎದ್ದಾಗ, ಮಗಳು ಗೋಡೆಯ ಮೊಳೆಯಿಂದ ಗಂಟು ಇಳಿಸಿಕೊಂಡು ಬಂದಳು. ಅತ್ತು ಅತ್ತು ಅವಳ ಮೂಗು ಕಟ್ಟಿತ್ತು. ಅಪ್ಪನ ಹಾಗೆಯೇ ಅದನ್ನು ನನ್ನ ಮುಖದ ಹತ್ತಿರ ಹಿಡಿದಳು.

"ಇದರಾಗ ಇನ್ನೂ ಐತೇನ್ರಿ ಸಾಹೇಬ್ರ? ಇದ್ರ ಇಟಗೊಳ್ಳತೀನಿ, ಇಲ್ಲಂದ್ರ ಒಗದು ಬಿಡತೀನಿ."

ಮೂಸಿದೆ. ಮತ್ತೊಮ್ಮೆ ಮೂಸಿದೆ. ಹಳೆಯ ಬಟ್ಟೆಯ ಕಮಟು, ಎತ್ತುಗಳ ಒಣಗಿದ ಸಿಂಬಳ. ಮತ್ತೇನೂ ಇರಲಿಲ್ಲ.

"ಐತಿ," ಎಂದೆ.

ಅವಳು ಅದನ್ನು ಮತ್ತೆ ಮೊಳೆಗೆ ತೂಗುಹಾಕಿದಳು.